ಹಡಗಿನ ಪಹಣಿ

ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲಿ ಪುಸ್ತಕಗಳಿಗೆ ಬೈಂಡ್ ಹಾಕುವುದು ನಮ್ಮ ಬಾಲ್ಯದ ದೊಡ್ಡ ಸಂಭ್ರಮವಾಗಿತ್ತು. ಶಿಕಾರಿಪುರದ ನಮ್ಮ ಮನೆಯಲ್ಲಿ ಅದಕ್ಕೆಂದು ಕಂದು ಕಾಗದ ಕೊಳ್ಳುವ ಪದ್ಧತಿ ಇರಲಿಲ್ಲ. ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದ ನನ್ನ ತಂದೆ, ಅತಿ ಕಡಿಮೆ ಚಂದಾಕ್ಕೆ ದೊರೆಯುತ್ತಿದ್ದ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯನ್ನು ತರಿಸುತ್ತಿದ್ದರು. ಓದಿ ಮುಗಿದ ಸಂಚಿಕೆಗಳ ನುಣುಪಾದ ಬಣ್ಣದ ಹಾಳೆಗಳೇ ನಮ್ಮ ಪುಸ್ತಕಗಳ ಹೊದಿಕೆ. ಒಂದು ವರ್ಷ ನನ್ನ ಲೆಕ್ಕದ ಪುಸ್ತಕದ ಮೇಲೆ ಬಂದು ಕುಳಿತದ್ದು ಒಂದು ಬಿಳಿಯ ಹಡಗು. ಅದರ ಹೊಗೆಕೊಳವೆಯ ಮೇಲೆ ಕೆಂಪು ಪಟ್ಟಿ, ಪಟ್ಟಿಯೊಳಗೆ ಸುತ್ತಿಗೆ-ಕುಡುಗೋಲು. ಕೆಳಗೆ ‘ಅಲೆಕ್ಸಾಂಡರ್ ಪುಷ್ಕಿನ್’ ಎಂಬ ಹೆಸರು. ಪುಷ್ಕಿನ್ ಎಂದರೆ ಅವರ ದೇಶದ ದೊಡ್ಡ ಕವಿ ಎಂದು ವಿವರಿಸಿದ ತಂದೆ, ‘ಕವಿಯ ಹೆಸರನ್ನು ಹಡಗಿಗೆ ಇಡುವ ಜನ ನೋಡು’ ಎಂದಿದ್ದರು. ನಾವು ಅಲ್ಲಿಯವರೆಗೆ ಕಂಡಿದ್ದ ಜಲವಾಹನವೆಂದರೆ, ಸೊರಬ ತಾಲ್ಲೂಕಿನ ಸೋದರಮಾವನ ಮನೆಗೆ ಹೋದಾಗ ಮಳೆಗಾಲದ ವರದಾ ನದಿಯಲ್ಲಿ ದಾಟಿಸುತ್ತಿದ್ದ ದೋಣಿ ಒಂದೇ.

2021ರ ಜನವರಿಯಲ್ಲಿ ಗುಜರಾತಿನ ಅಲಂಗ್ ಕಡಲತೀರಕ್ಕೆ ಒಡೆಯುವ ಸಲುವಾಗಿ ಬಂದ ಹಡಗುಗಳ ಪೈಕಿ ‘ಮಾರ್ಕೊ ಪೋಲೊ’ ಎಂಬುದೂ ಒಂದೆಂದು ಓದಿದೆ. ಅದರ ಮೊದಲ ಹೆಸರು ಅಲೆಕ್ಸಾಂಡರ್ ಪುಷ್ಕಿನ್ ಎಂಬ ಸಾಲನ್ನು ಎರಡು ಸಲ ಓದಬೇಕಾಯಿತು. ನನ್ನ ಲೆಕ್ಕದ ಪುಸ್ತಕದ ಹಡಗು ಐವತ್ತೈದು ವರ್ಷ ಲೋಕ ಸುತ್ತಿ, ಕೊನೆಯುಸಿರೆಳೆಯಲು ನಮ್ಮ ದೇಶಕ್ಕೇ ಬಂದಿತ್ತು. ನಡುವೆ ಅದು ಯಾರ ಯಾರ ಕೈಯಲ್ಲಿತ್ತು ಎಂಬ ಕುತೂಹಲ ಹುಟ್ಟಿತು. ಕಂದಾಯ ಇಲಾಖೆಯಲ್ಲಿ ಜೀವಮಾನ ಕಳೆದವನಿಗೆ ಇಂಥ ಪ್ರಶ್ನೆ ಬಂದಾಗ ಹೊಳೆಯುವ ದಾರಿ ಒಂದೇ: ಪಹಣಿ ತೆಗೆಯುವುದು.

ಪಹಣಿಯನ್ನು ಕಂಡವರಿಗೆ ತಿಳಿದಿರುತ್ತದೆ, ಅದರ ಒಂಬತ್ತನೇ ಕಲಮಿನಲ್ಲಿ ಭೂಮಿಯ ಒಡೆಯನ ಹೆಸರಿರುತ್ತದೆ. ಹನ್ನೆರಡನೇ ಕಲಮಿನಲ್ಲಿ ಆ ಭೂಮಿಯನ್ನು ನಿಜವಾಗಿ ಉಳುತ್ತಿರುವವರ ವಿವರ ಇರಬೇಕು. ಮಾರಾಟ, ವಿಭಾಗ, ಪೌತಿ ಏನೇ ಆದರೂ ಹಕ್ಕು ಬದಲಾವಣೆಯ ದಾಖಲೆಯಾಗಿ ಒಂಬತ್ತನೇ ಕಲಮು ತಿದ್ದಲ್ಪಡುತ್ತದೆ. ಹನ್ನೆರಡನೆಯದು ಮಾತ್ರ ಬಹಳ ಸಲ ಬರೆಯುವವನ ಕೃಪೆಗೆ ಬಿಟ್ಟದ್ದು. ಹಡಗಿಗೂ ಇಂಥದೇ ಒಂದು ದಾಖಲೆ ಉಂಟು. ಅದರಲ್ಲಿ ಒಡೆಯನ ಹೆಸರು, ನೋಂದಣಿಯಾದ ಬಂದರು, ಹಾರಿಸುವ ಬಾವುಟ ಎಲ್ಲವೂ ಇರುತ್ತವೆ. ಉಳುವವನ ಕಲಮು ಮಾತ್ರ ಅಲ್ಲಿಲ್ಲ.

ಪುಷ್ಕಿನ್ ಹಡಗಿನ ಜನನ ಪೂರ್ವ ಜರ್ಮನಿಯ ವಿಸ್ಮಾರ್ ನಗರದ ಹಡಗುಕಟ್ಟೆಯಲ್ಲಿ ಆಯಿತು. 1965ರಲ್ಲಿ ಅದು ಸೋವಿಯತ್ ಒಕ್ಕೂಟದ ಸ್ವಾಧೀನಕ್ಕೆ ಬಂತು. ಸುಮಾರು 176 ಮೀಟರ್ ಉದ್ದ, 20,000 ಟನ್ನಿನಷ್ಟು ಗಾತ್ರ. ಎರಡೂವರೆ ಲಕ್ಷ ಟನ್ ಗಾತ್ರದ ವಿಹಾರ ನೌಕೆಗಳು ಓಡಾಡುವ ಈ ಕಾಲದಲ್ಲಿ ಅದು ಚಿಕ್ಕದೇ. ಆದರೆ ಉತ್ತರದ ಹಿಮಗಡ್ಡೆಗಳ ನಡುವೆ ಸಾಗಬೇಕೆಂದು ಅದರ ಒಡಲಿನ ಉಕ್ಕನ್ನು ಗಟ್ಟಿಯಾಗಿ ಕಟ್ಟಿದ್ದರು. ಒಂದೇ ಅಚ್ಚಿನ ಐದು ಹಡಗುಗಳಲ್ಲಿ ಇದು ಎರಡನೆಯದು. ಐದಕ್ಕೂ ಸಾಹಿತಿಗಳ ಹೆಸರು: ಇವಾನ್ ಫ್ರಾಂಕೊ, ತರಾಸ್ ಶೆವ್ಚೆಂಕೊ ಉಕ್ರೇನಿನವರು; ಶೋತಾ ರುಸ್ತವೇಲಿ ಜಾರ್ಜಿಯಾದ ಕವಿ; ಪುಷ್ಕಿನ್ ಮತ್ತು ಮಿಖಾಯಿಲ್ ಲೆರ್ಮೊಂತೊವ್ ರಷ್ಯನ್ನರು. ನಮ್ಮಲ್ಲಿ ಮೈಸೂರು-ತಾಳಗುಪ್ಪ ರೈಲಿಗೆ ಕುವೆಂಪು ಅವರ ಹೆಸರು ಬರಲು 2022ರವರೆಗೆ ಕಾಯಬೇಕಾಯಿತೆಂಬುದನ್ನು ನೆನೆದರೆ ತಂದೆಯವರ ಮೆಚ್ಚುಗೆ ಅಕಾರಣವಲ್ಲವೆನಿಸುತ್ತದೆ.

1966ರಲ್ಲಿ ಈ ಹಡಗು ಲೆನಿನ್‌ಗ್ರಾಡ್ ಮತ್ತು ಕೆನಡಾದ ಮಾಂಟ್ರಿಯಲ್ ನಡುವೆ ಸಂಚಾರ ಆರಂಭಿಸಿತು. ಶೀತಲ ಸಮರದ ನಡುವೆ ಸಮಾಜವಾದಿ ಸರ್ಕಾರವೊಂದು ಅಟ್ಲಾಂಟಿಕ್ ದಾಟುವ ಪ್ರಯಾಣಿಕ ಹಡಗು ನಡೆಸಿದ್ದರ ಹಿಂದೆ ಪ್ರತಿಷ್ಠೆ ಇದ್ದಂತೆ ಲೆಕ್ಕಾಚಾರವೂ ಇತ್ತು. ರೂಬಲ್ ಹೊರಗಿನ ಮಾರುಕಟ್ಟೆಯಲ್ಲಿ ನಡೆಯುವ ನಾಣ್ಯವಲ್ಲ. ಯಂತ್ರಗಳನ್ನೋ ಗೋಧಿಯನ್ನೋ ಹೊರದೇಶದಿಂದ ತರಬೇಕಾದರೆ ಡಾಲರ್, ಪೌಂಡ್, ಮಾರ್ಕ್ ಬೇಕು. ಸೋವಿಯತ್ ಹಡಗುಗಳಲ್ಲಿ ಸಿಬ್ಬಂದಿಯ ಸಂಬಳವೂ ಇಂಧನವೂ ದೇಶದೊಳಗಿನ ಲೆಕ್ಕದಲ್ಲಿ ಸಾಗುತ್ತಿದ್ದುದರಿಂದ ಪಶ್ಚಿಮದ ಕಂಪನಿಗಳಿಗಿಂತ ಅಗ್ಗದ ದರಕ್ಕೆ ವಿಹಾರ ಒದಗಿಸಬಹುದಾಗಿತ್ತು. ಹೀಗೆ ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ಬಂಡವಾಳಶಾಹಿ ದೇಶಗಳ ನಿವೃತ್ತ ದಂಪತಿಗಳು ಸುತ್ತಿಗೆ-ಕುಡುಗೋಲಿನ ಕೆಳಗೆ ಕುಳಿತು ವಿರಮಿಸಿದರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ತುಲನಾತ್ಮಕ ಅನುಕೂಲದ ಸಿದ್ಧಾಂತಕ್ಕೆ ಪಠ್ಯದಲ್ಲಿದ್ದ ಉದಾಹರಣೆ ಬಟ್ಟೆ ಮತ್ತು ದ್ರಾಕ್ಷಾರಸದ್ದು. ಈ ಹಡಗುಗಳ ಉದಾಹರಣೆ ಕೊಟ್ಟಿದ್ದರೆ ನಮಗೆ ಹೆಚ್ಚು ಬೇಗ ತಿಳಿಯುತ್ತಿತ್ತು.

ಐವರಲ್ಲಿ ಕಿರಿಯವನಾದ ಲೆರ್ಮೊಂತೊವ್ 1986ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಕರಾವಳಿಯಲ್ಲಿ ಬಂಡೆಗೆ ತಾಗಿ ಮುಳುಗಿತು. ಪ್ರಯಾಣಿಕರೆಲ್ಲರೂ ಪಾರಾದರು, ಒಬ್ಬ ಸಿಬ್ಬಂದಿ ಮಾತ್ರ ಮರಳಲಿಲ್ಲ. ಉಳಿದ ನಾಲ್ಕು ಹಡಗುಗಳು ಮುಳುಗಲಿಲ್ಲ. ಅವುಗಳ ಒಡೆಯನೇ ಮುಳುಗಿದ. 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೆಂಬ ರಾಜ್ಯವೇ ಇಲ್ಲವಾಯಿತು. ಹಡಗನ್ನು ಕಟ್ಟಿದ ಪೂರ್ವ ಜರ್ಮನಿ ಅದಕ್ಕಿಂತ ಒಂದು ವರ್ಷ ಮೊದಲೇ ಭೂಪಟದಿಂದ ಮರೆಯಾಗಿತ್ತು. ಒಡೆಯ ತೀರಿಕೊಂಡು ವಾರಸುದಾರರು ಹಲವರಾದಾಗ ಜಮೀನಿಗೆ ಏನಾಗುತ್ತದೆಂಬುದನ್ನು ನಮ್ಮ ಹಳ್ಳಿಗಳಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಇವಾನ್ ಫ್ರಾಂಕೊ ಹಡಗು ಗುಜರಿಗೆ ಹೋಗುವ ಕೊನೆಯ ಪಯಣದಲ್ಲಿ ಹೆಸರಿನ ಅಕ್ಷರಗಳನ್ನು ಅಳಿಸಿಕೊಂಡು ಬರಿಯ ‘ಫ್ರಾಂಕ್’ ಆಗಿತ್ತು. ರುಸ್ತವೇಲಿಗೆ ಹೊಸ ಒಡೆಯರು ‘ಅಸ್ಸೆಡೊ’ ಎಂದು ಹೆಸರಿಟ್ಟರು. ತನ್ನ ತವರು ಬಂದರಾದ ಒಡೆಸ್ಸಾ ನಗರದ ಹೆಸರನ್ನು ರೋಮನ್ ಲಿಪಿಯಲ್ಲಿ ಹಿಂದುಮುಂದಾಗಿ ಓದಿದರೆ ಬರುವ ಹೆಸರು ಅದು.

ಪುಷ್ಕಿನ್ ಹಡಗಿನ ಅದೃಷ್ಟ ಬೇರೆಯಾಗಿತ್ತು. 1991ರಲ್ಲಿ ಅದನ್ನು ಕೊಂಡ ಬ್ರಿಟಿಷ್ ಉದ್ಯಮಿಯೊಬ್ಬರು ಓರಿಯಂಟ್ ಲೈನ್ಸ್ ಎಂಬ ಕಂಪನಿ ಆರಂಭಿಸಿ, ಹಡಗನ್ನು ಗ್ರೀಸ್ ದೇಶಕ್ಕೆ ಒಯ್ದು ಒಳಗಿನದೆಲ್ಲವನ್ನೂ ಕಿತ್ತು ಹೊಸದಾಗಿ ಕಟ್ಟಿಸಿದರು. ಅವರು ಕೊಂಡದ್ದು ಒಳಗಿನ ಅಲಂಕಾರವನ್ನಲ್ಲ, ಹಿಮಕ್ಕೆ ಹೆದರದ ಆ ಒಡಲನ್ನು. 1993ರಲ್ಲಿ ‘ಮಾರ್ಕೊ ಪೋಲೊ’ ಎಂಬ ಹೆಸರಿನಿಂದ ಹೊರಬಂದ ಅದು ಅಂಟಾರ್ಕ್ಟಿಕದವರೆಗೂ ಪ್ರವಾಸಿಗರನ್ನು ಕರೆದೊಯ್ದಿತು. ಸುತ್ತಿಗೆ-ಕುಡುಗೋಲಿನ ಜಾಗದಲ್ಲಿ ಬಹಾಮಾಸ್ ದ್ವೀಪಗಳ ಬಾವುಟ ಬಂತು. ಆ ದ್ವೀಪಕ್ಕೂ ಹಡಗಿಗೂ ಯಾವ ಸಂಬಂಧವೂ ಇರಬೇಕಾಗಿಲ್ಲ. ಕಡಿಮೆ ತೆರಿಗೆ, ಹಗುರವಾದ ಕಾನೂನು ಇರುವ ದೇಶದಲ್ಲಿ ನೋಂದಾಯಿಸಿ ಅದರ ಬಾವುಟ ಹಾರಿಸುವುದು ಹಡಗು ವ್ಯಾಪಾರದಲ್ಲಿ ಒಪ್ಪಿತ ಪದ್ಧತಿ. ಊರು ಒಂದು ಕಡೆ, ಖಾತೆ ಇನ್ನೊಂದು ಕಡೆ.

ಅನಂತರದ ಹಕ್ಕು ಬದಲಾವಣೆಗಳು ಬೇಗಬೇಗನೆ ನಡೆದವು. 1998ರಲ್ಲಿ ಓರಿಯಂಟ್ ಲೈನ್ಸ್ ಕಂಪನಿಯೇ ಹಡಗಿನ ಸಮೇತ ನಾರ್ವೇಜಿಯನ್ ಕ್ರೂಸ್ ಲೈನ್ ಪಾಲಾಯಿತು. 2008ರಲ್ಲಿ ಹಡಗು ಗ್ರೀಕ್ ಮಾಲೀಕರ ಕೈಸೇರಿ, ಜರ್ಮನಿಯ ಟ್ರಾನ್ಸ್‌ಓಷನ್ ಟೂರ್ಸ್ ಸಂಸ್ಥೆಗೆ ಬಾಡಿಗೆಗೆ ಹೋಯಿತು. ಮರುವರ್ಷವೇ ಆ ಸಂಸ್ಥೆ ದಿವಾಳಿಯಾಯಿತು. 2010ರಿಂದ ಬ್ರಿಟನ್ನಿನ ಕ್ರೂಸ್ ಅಂಡ್ ಮ್ಯಾರಿಟೈಮ್ ವಾಯೇಜಸ್ ಅದನ್ನು ನಡೆಸಿತು. ಸೋವಿಯತ್ ಸರ್ಕಾರದ ಕೈಯಲ್ಲಿ ಈ ಹಡಗು ದುಡಿದದ್ದು ಇಪ್ಪತ್ತಾರು ವರ್ಷ. ಖಾಸಗಿಯವರ ಕೈಯಲ್ಲಿ ಇದ್ದದ್ದು ಇಪ್ಪತ್ತೊಂಬತ್ತು ವರ್ಷ. ಸರ್ಕಾರದ ಆಸ್ತಿಯನ್ನು ಮಾರಿದರೆ ಅದು ಹಾಳಾಗಿಯೇ ಹೋಗುತ್ತದೆಂದು ನಂಬಿದ್ದ ನನ್ನಂಥವರು ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಆ ಉಕ್ಕಿನ ಒಡಲಿಗೆ ಬೆಲೆಯಿದೆ ಎಂದು ಗುರುತಿಸಿ ಹಣ ಹೂಡಿದವರು ಖಾಸಗಿಯವರು.

ಆದರೆ ಕಥೆಯ ಕೊನೆಯ ಅಧ್ಯಾಯವನ್ನೂ ಅಷ್ಟೇ ಪ್ರಾಮಾಣಿಕವಾಗಿ ಓದಬೇಕು. 2020ರಲ್ಲಿ ಕೊರೋನಾ ಬಂದು ವಿಹಾರ ನೌಕೆಗಳೆಲ್ಲ ನಿಂತವು. ಜೂನ್ ತಿಂಗಳಲ್ಲಿ ಬ್ರಿಟನ್ನಿನ ಕಡಲ ಸುರಕ್ಷತಾ ಪ್ರಾಧಿಕಾರ ಈ ಸಂಸ್ಥೆಯ ಹಡಗುಗಳನ್ನು ಬಂದರುಗಳಲ್ಲೇ ತಡೆಹಿಡಿಯಿತು. ಸಿಬ್ಬಂದಿಯ ಒಪ್ಪಂದದ ಅವಧಿ, ಸಂಬಳ, ಊರಿಗೆ ಕಳುಹಿಸುವ ಹೊಣೆ ಇವುಗಳ ವಿಷಯದಲ್ಲಿ ಅಂತರರಾಷ್ಟ್ರೀಯ ನಿಯಮಗಳ ಪಾಲನೆಯಾಗಿಲ್ಲವೆಂಬುದು ಕಾರಣ. ಆ ಹಡಗುಗಳಲ್ಲಿ ಸಿಕ್ಕಿಕೊಂಡಿದ್ದವರಲ್ಲಿ ನೂರಾರು ಮಂದಿ ಭಾರತೀಯರು: ಅಡುಗೆಯವರು, ಕೋಣೆ ಗುಡಿಸುವವರು, ಎಂಜಿನ್ ಕೋಣೆಯವರು. ಜುಲೈ ತಿಂಗಳಲ್ಲಿ ಕಂಪನಿ ಮುಚ್ಚಿತು. ಅಕ್ಟೋಬರಿನಲ್ಲಿ ನಡೆದ ಹರಾಜಿನಲ್ಲಿ ಮಾರ್ಕೊ ಪೋಲೊ ಸುಮಾರು 27.7 ಲಕ್ಷ ಡಾಲರುಗಳಿಗೆ ಹೋಯಿತು. ಬೆಂಗಳೂರಿನ ಒಳ್ಳೆಯ ಬಡಾವಣೆಯಲ್ಲಿ ಅಷ್ಟು ಹಣಕ್ಕೆ ಕೆಲವು ನಿವೇಶನಗಳು ಬಂದಾವು. ಮೂರು ತಿಂಗಳ ಅನಂತರ ಅದು ಅಲಂಗಿನ ಮರಳಿನ ಮೇಲಿತ್ತು.

ಹಡಗಿನ ಪಹಣಿಯಲ್ಲಿ ಕೊನೆಯ ಒಡೆಯನಿಗೆ ಒಂದು ವಿಶೇಷ ಲಕ್ಷಣವಿದೆ. ಉಳಿದವರೆಲ್ಲ ಹಡಗು ಏನು ದುಡಿಯಬಲ್ಲುದೆಂದು ನೋಡಿ ಬೆಲೆ ಕಟ್ಟಿದರೆ, ಆತ ಅದರ ತೂಕ ನೋಡಿ ಕಟ್ಟುತ್ತಾನೆ. ಮುಂದೆ ದುಡಿಯಬಹುದಾದ ಆದಾಯದಿಂದ ರಿಪೇರಿಯ ಖರ್ಚನ್ನು ಕಳೆದಾಗ ಉಳಿಯುವ ಮೊತ್ತ ಉಕ್ಕಿನ ಬೆಲೆಗಿಂತ ಕೆಳಗಿಳಿದ ದಿನ ಹಡಗಿನ ಆಯುಷ್ಯ ಮುಗಿಯಿತೆಂದು ಅರ್ಥ. ಸರಳವಾದ ವ್ಯವಕಲನ. 1983ರಿಂದ ಹಡಗು ಒಡೆಯುವ ಕೆಲಸ ನಡೆದಿರುವ ಅಲಂಗಿನಲ್ಲಿ ಖಂಭಾತ್ ಕೊಲ್ಲಿಯ ಭಾರಿ ಉಬ್ಬರವೇ ದೊಡ್ಡ ಯಂತ್ರ. ಹುಣ್ಣಿಮೆ-ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಮೇಲೇರಿದಾಗ ಹಡಗನ್ನು ಅದರದೇ ಎಂಜಿನ್ನಿನ ಬಲದಿಂದ ದಡಕ್ಕೆ ನುಗ್ಗಿಸುತ್ತಾರೆ. ನೀರಿಳಿದ ಮೇಲೆ ಉತ್ತರ ಪ್ರದೇಶ, ಬಿಹಾರ, ಒಡಿಶಾಗಳಿಂದ ವಲಸೆ ಬಂದ ಕಾರ್ಮಿಕರು ಅನಿಲದ ಜ್ವಾಲೆಯಿಂದ ಅದನ್ನು ತುಂಡು ತುಂಡಾಗಿ ಕತ್ತರಿಸುತ್ತಾರೆ. ಈ ಅಪಾಯದ ಕೆಲಸಕ್ಕೆಂದೇ ಹಡಗುಗಳ ಮರುಬಳಕೆ ಕಾಯ್ದೆ ಬಂದದ್ದು 2019ರಲ್ಲಿ.

2012ರ ಡಿಸೆಂಬರಿನಲ್ಲಿ ಗುಜರಾತ್ ವಿಧಾನಸಭಾ ಚುನಾವಣೆಯ ವೀಕ್ಷಕನಾಗಿ ಭಾವನಗರ ಜಿಲ್ಲೆಗೆ ಹೋಗಿದ್ದಾಗ ಅಲಂಗಿಗೆ ಹೋಗುವ ರಸ್ತೆಯನ್ನು ಕಂಡಿದ್ದೆ. ಇಕ್ಕೆಲಗಳಲ್ಲೂ ಒಡೆದ ಹಡಗುಗಳ ಸಾಮಾನಿನ ಅಂಗಡಿಗಳು. ಹಾಸಿಗೆ, ಕುರ್ಚಿ, ಪಿಂಗಾಣಿ, ಪಾತ್ರೆ, ಜೀವರಕ್ಷಕ ಜಾಕೆಟ್ಟುಗಳು ರಾಶಿ ಬಿದ್ದಿದ್ದವು. ಅಲ್ಲಿ ಒಂದು ಬಿಳಿಯ ತಟ್ಟೆ ಕೊಂಡೆ. ಅದರ ಅಂಚಿನಲ್ಲಿದ್ದ ಕಂಪನಿಯ ಹೆಸರು ಅರ್ಧ ಅಳಿಸಿತ್ತು, ತೊಳೆದು ತೊಳೆದು ನಡುಭಾಗ ಸವೆದಿತ್ತು. ಒಡೆಯ ಯಾರೆಂದು ತಟ್ಟೆ ಹೇಳಲಿಲ್ಲ. ಯಾರೋ ಅದನ್ನು ಸಾವಿರಾರು ಸಲ ತೊಳೆದಿದ್ದಾರೆಂದು ಮಾತ್ರ ಹೇಳಿತು.

ಇಷ್ಟು ದೂರದ ಕಥೆ ನಮಗೇಕೆ ಎಂದು ಓದುಗರು ಕೇಳಬಹುದು. ಸೋವಿಯತ್ ಆಸ್ತಿಯ ಇಂಥದೇ ಇನ್ನೊಂದು ಪಹಣಿ ನಮ್ಮ ರಾಜ್ಯದ ಕಾರವಾರದಲ್ಲೇ ಇದೆ. ‘ವಿಕ್ರಮಾದಿತ್ಯ’ ಎಂದು ನಾವು ಕರೆಯುವ ವಿಮಾನವಾಹಕ ನೌಕೆ ಹುಟ್ಟಿದ್ದು ಇಂದಿನ ಉಕ್ರೇನಿನ ನಿಕೊಲಾಯೆವ್ ನಗರದಲ್ಲಿ. 1987ರಲ್ಲಿ ಸೋವಿಯತ್ ನೌಕಾಪಡೆ ಸೇರಿದಾಗ ಅದರ ಹೆಸರು ‘ಬಾಕು’. ಅಜರ್‌ಬೈಜಾನಿನ ರಾಜಧಾನಿಯಾದ ಬಾಕು ಕೈತಪ್ಪುವ ಹೊತ್ತಿಗೆ, 1991ರಲ್ಲಿ, ಅದು ‘ಅಡ್ಮಿರಲ್ ಗೋರ್ಷ್ಕೋವ್’ ಆಯಿತು. 1994ರಲ್ಲಿ ಬಾಯ್ಲರ್ ಕೋಣೆಯಲ್ಲಿ ಅವಘಡವಾಗಿ, 1996ರಲ್ಲಿ ಸೇವೆಯಿಂದ ಹೊರಬಿತ್ತು. ಅದರ ಒಡಹುಟ್ಟುಗಳಾದ ‘ಕೀವ್’ ಮತ್ತು ‘ಮಿನ್ಸ್ಕ್’ ಹಡಗುಗಳು ಚೀನಾ ಸೇರಿ ಮನೋರಂಜನೆಯ ತಾಣಗಳಾದವು. ಇದು ನಮ್ಮ ಪಾಲಿಗೆ ಬಂತು.

2004ರ ಜನವರಿಯ ಒಪ್ಪಂದದಂತೆ ಹಡಗಿಗೆ ಬೆಲೆಯಿಲ್ಲ, ದುರಸ್ತಿಗೆ ಮಾತ್ರ 97.4 ಕೋಟಿ ಡಾಲರ್. ‘ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು’ ಎಂಬ ಗಾದೆ ನಮ್ಮಲ್ಲಿದೆ. ಪುಕ್ಕಟೆಯ ಹಡಗನ್ನು ಬಿಚ್ಚಿದಂತೆಲ್ಲ ಹೊಸ ಕೆಲಸ ಕಾಣಿಸಿಕೊಂಡಿತು. 2009ರಲ್ಲಿ ಮಹಾಲೇಖಪಾಲರ ವರದಿ ಈ ವ್ಯವಹಾರವನ್ನು ಕಟುವಾಗಿ ಟೀಕಿಸಿತು. ಹಿಂದೆ ಸರಿಯೋಣವೆಂದರೆ ಆಗಲೇ ಕೊಟ್ಟ ಹಣ ಮುಳುಗುತ್ತದೆ, ಮುಂದೆ ಹೋದರೆ ಇನ್ನಷ್ಟು ಕೊಡಬೇಕು. 2010ರಲ್ಲಿ ಒಟ್ಟು 235 ಕೋಟಿ ಡಾಲರುಗಳಿಗೆ ಒಪ್ಪಲಾಯಿತು. 2012ರ ಪರೀಕ್ಷಾ ಸಂಚಾರದಲ್ಲಿ ಎಂಟು ಬಾಯ್ಲರುಗಳ ಪೈಕಿ ಏಳು ಕೈಕೊಟ್ಟವು. ಅಂತೂ 2013ರ ನವೆಂಬರ್ 16ರಂದು ನೌಕೆ ಭಾರತದ್ದಾಯಿತು. ಮುಂದಿನ ಜನವರಿಯಲ್ಲಿ ಕಾರವಾರಕ್ಕೆ ಬಂತು. ಈ ವೆಚ್ಚ ಸರಿಯೇ ತಪ್ಪೇ ಎಂಬ ಚರ್ಚೆ ರಕ್ಷಣಾ ತಜ್ಞರದು. ಕಂದಾಯದವನಿಗೆ ಕಾಣುವುದು ಇಷ್ಟೇ: ಕ್ರಯಪತ್ರದಲ್ಲಿ ಬರೆದ ಬೆಲೆ ಆಸ್ತಿಯ ಬೆಲೆಯಲ್ಲ, ಅದನ್ನು ಉಳಿಸಿಕೊಳ್ಳುವ ಬೆಲೆ ಬೇರೆಯೇ ಇದೆ.

ಅದೇ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಇನ್ನೊಂದು ಸೋವಿಯತ್ ನೌಕೆ ‘ಚಪಲ್’ ದಡದ ಮೇಲೆ ನಿಂತಿದೆ. 1976ರಲ್ಲಿ ನಮ್ಮ ನೌಕಾಪಡೆ ಸೇರಿದ ಈ ಕ್ಷಿಪಣಿ ದೋಣಿ 2005ರಲ್ಲಿ ನಿವೃತ್ತಿಯಾಗಿ, ಗುಜರಿಗೆ ಹೋಗದೆ ವಸ್ತುಸಂಗ್ರಹಾಲಯವಾಯಿತು. ನಲವತ್ತು ಮೀಟರಿಗೂ ಕಡಿಮೆ ಉದ್ದದ ಆ ದೋಣಿಯೊಳಗೆ ಬಗ್ಗಿಕೊಂಡೇ ಓಡಾಡಬೇಕು. ನಾನು ಹೋದ ದಿನ ಶಾಲಾ ಮಕ್ಕಳ ಗುಂಪೊಂದು ಬಂದಿತ್ತು. ಇಷ್ಟು ಇಕ್ಕಟ್ಟಿನಲ್ಲಿ ಎಷ್ಟು ಜನ ಮಲಗುತ್ತಿದ್ದರು, ಅನ್ನ ಎಲ್ಲಿ ಬೇಯಿಸುತ್ತಿದ್ದರು ಎಂಬುದೇ ಅವರ ಪ್ರಶ್ನೆ. ಯಾವ ದೇಶದಿಂದ ಕೊಂಡದ್ದೆಂದು ಯಾವ ಮಗುವೂ ಕೇಳಲಿಲ್ಲ. ಉಪ್ಪುಗಾಳಿ ಬೀಸುವ ಆ ದಡದಲ್ಲಿ ತುಕ್ಕನ್ನು ಕೆರೆದು ಮತ್ತೆ ಮತ್ತೆ ಬಣ್ಣ ಬಳಿಯುವ ಕೈ ಇರುವವರೆಗೆ ಮಾತ್ರ ಚಪಲ್ ಇರುತ್ತದೆ.

ವಿಕ್ರಮಾದಿತ್ಯ ತಂಗುವ ನೌಕಾನೆಲೆಯ ಹೆಸರು ಕದಂಬ. ಅದು ನಮ್ಮೂರ ಕಡೆಯ ಹೆಸರು. ಕದಂಬ ವಂಶದ ಮೂಲವನ್ನು ಹೇಳುವ ಸ್ತಂಭಶಾಸನ ಇರುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ. ಅವರ ರಾಜಧಾನಿ ಬನವಾಸಿ ಸೊರಬದ ಗಡಿಯಾಚೆ. ಆ ನೆಲೆಯ ‘ಸೀಬರ್ಡ್’ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ನೆಲೆ ಕಾರ್ಯಾರಂಭ ಮಾಡುವ ಹೊತ್ತಿಗೆ ಕಾರವಾರ-ಅಂಕೋಲಾ ಕರಾವಳಿಯ ಸಾವಿರಾರು ಕುಟುಂಬಗಳು ಮನೆ-ಗದ್ದೆ ಬಿಟ್ಟಿದ್ದವು. ಪರಿಹಾರಕ್ಕಾಗಿ ಅವರು ದಶಕಗಳ ಕಾಲ ಕಚೇರಿ, ನ್ಯಾಯಾಲಯಗಳನ್ನು ಅಲೆದರು. ಪಹಣಿಯ ಒಂಬತ್ತನೇ ಕಲಮಿನಲ್ಲಿ ಹೆಸರಿದ್ದವರಿಗೆ ಪರಿಹಾರದ ದಾರಿಯಾದರೂ ಇತ್ತು. ಹೆಸರಿಲ್ಲದೆ ಅದೇ ನೆಲದಲ್ಲಿ, ಅದೇ ದಡದಲ್ಲಿ ಕೂಲಿ ಮಾಡಿಕೊಂಡಿದ್ದವರ ಕಷ್ಟ ಇನ್ನೊಂದು ಬಗೆಯದು.

ಇಲ್ಲಿಗೆ ಬಂದಾಗ ನನ್ನದೇ ಒಂದು ತಪ್ಪನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಸೇವೆಯ ಆರಂಭದ ವರ್ಷಗಳಲ್ಲಿ ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ನಾನಿದ್ದೆ. ಅದರ ಹೆಸರು ಬೇಡ. ಉಳುವವನನ್ನೇ ಹೊಲದೊಡೆಯನಾಗಿ ಮಾಡುವ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. 1951ರ ಕಾಗೋಡು ಸತ್ಯಾಗ್ರಹದ ನೆಲದ ಸುತ್ತಮುತ್ತ ಆ ಕಾಯ್ದೆಗೆ ಇದ್ದ ಅರ್ಥವನ್ನು ಬೇರೆ ಕಡೆಯವರು ಊಹಿಸುವುದು ಕಷ್ಟ. ಗೇಣಿದಾರರು ಸಲ್ಲಿಸಿದ್ದ ನಮೂನೆ 7ರ ಅರ್ಜಿಗಳಲ್ಲಿ ಮೇಲ್ಮನವಿಯಿಂದ ಹಿಂದಿರುಗಿ ಬಂದ ಕೆಲವು ಎಂಬತ್ತರ ದಶಕದಲ್ಲೂ ಭೂ ನ್ಯಾಯಮಂಡಳಿಯ ಮುಂದೆ ಉಳಿದಿದ್ದವು. ಅವುಗಳಲ್ಲಿ ಒಂದು ವಿಧವೆಯೊಬ್ಬರದು. ಒಂದೂವರೆ ಎಕರೆ ಗದ್ದೆ. ಅರ್ಜಿ ಹಾಕಿದ್ದ ಗಂಡ ತೀರಿಕೊಂಡಿದ್ದ. ಪಹಣಿಯ ಹನ್ನೆರಡನೇ ಕಲಮಿನಲ್ಲಿ ವರ್ಷ ವರ್ಷವೂ ಒಡೆಯನ ‘ಸ್ವಂತ’ ಸಾಗುವಳಿ ಎಂದೇ ಬರೆದಿತ್ತು. ಗೇಣಿ ಕೊಟ್ಟ ರಶೀದಿ ಇದೆಯೇ ಎಂದು ಕೇಳಿದೆ. ‘ಭತ್ತ ಅಳೆದು ಕೊಟ್ಟಿದ್ದಕ್ಕೆ ಚೀಟಿ ಯಾರು ಕೊಡ್ತಾರೆ ಸ್ವಾಮಿ? ಬದು ಕಡಿದೋರು ಯಾರು ಅಂತ ಆ ಗದ್ದೇನೇ ಕೇಳಿ’ ಎಂದರು.

ಸ್ಥಳ ತನಿಖೆಗೆ ಹೋಗಿ ಅಕ್ಕಪಕ್ಕದ ಗದ್ದೆಯವರನ್ನು ಕೇಳಬಹುದಾಗಿತ್ತು. ಮಳೆಗಾಲ, ಜೀಪು ಹೋಗುವ ದಾರಿ ಅಲ್ಲ, ಕಡತಗಳು ನೂರಾರು. ನಾನು ಹೋಗಲಿಲ್ಲ. ದಾಖಲೆಯಲ್ಲಿ ಆಧಾರವಿಲ್ಲವೆಂದು ಟಿಪ್ಪಣಿ ಬರೆದೆ, ಅರ್ಜಿ ವಜಾ ಆಯಿತು. ಕಾಯ್ದೆಯ ಪ್ರಕಾರ ಆ ಟಿಪ್ಪಣಿಯಲ್ಲಿ ದೋಷವಿರಲಿಲ್ಲ. ಮೂರು ವರ್ಷಗಳ ಅನಂತರ ಆ ದಾರಿಯಲ್ಲಿ ಹೋದಾಗ ಗದ್ದೆ ಬೇರೆಯವರ ಅಡಿಕೆ ತೋಟವಾಗಿತ್ತು. ಆಕೆ ಊರು ಬಿಟ್ಟಿದ್ದರು. ಒಂಬತ್ತನೇ ಕಲಮು ಕಾನೂನುಬದ್ಧವಾಗಿ ತಿದ್ದಲ್ಪಟ್ಟಿತ್ತು. ಮಾರ್ಕೊ ಪೋಲೊ ಹಡಗಿನ ಹರಾಜಿನ ಸುದ್ದಿ ಓದಿದಾಗ, ಸಂಬಳಕ್ಕಾಗಿ ಬಂದರಿನಲ್ಲಿ ಕಾದು ಕುಳಿತ ಅಡುಗೆಯವರ ಜೊತೆಗೆ ನನಗೆ ನೆನಪಾದವರು ಆಕೆ.

ಸರ್ಕಾರಿ ಉದ್ದಿಮೆಗಳ ಮಾರಾಟ, ಗುತ್ತಿಗೆ, ಸಾರ್ವಜನಿಕ-ಖಾಸಗಿ ಸಹಭಾಗಿತ್ವ ಇವುಗಳ ಬಗ್ಗೆ ಮೂರು ದಶಕಗಳಿಂದ ನಡೆದಿರುವ ನಮ್ಮ ವಾದವಿವಾದಗಳು ಹೆಚ್ಚಾಗಿ ಒಂಬತ್ತನೇ ಕಲಮಿನ ಸುತ್ತಲೇ ತಿರುಗಿವೆ. ಒಡೆಯ ಸರ್ಕಾರವಾಗಿರಬೇಕೆಂದು ಒಂದು ಪಕ್ಷ, ಖಾಸಗಿಯಾಗಬೇಕೆಂದು ಇನ್ನೊಂದು ಪಕ್ಷ. ಪುಷ್ಕಿನ್ ಹಡಗಿನ ಚರಿತ್ರೆ ಎರಡೂ ಪಕ್ಷಗಳಿಗೆ ಸಮಾಧಾನ ಕೊಡುವುದಿಲ್ಲ. ಸರ್ಕಾರವೂ ಅದನ್ನು ಚೆನ್ನಾಗಿ ನಡೆಸಿತು, ಖಾಸಗಿಯವರೂ ನಡೆಸಿದರು. ಸರ್ಕಾರವೂ ಮುಳುಗಿತು, ಕಂಪನಿಗಳೂ ಮುಳುಗಿದವು. ಪ್ರತಿ ಸಲ ಒಡೆಯ ಮುಳುಗಿದಾಗಲೂ ಬಾವುಟ, ಬಣ್ಣ, ಹೆಸರುಗಳ ಲೆಕ್ಕ ಚುಕ್ತಾ ಆಯಿತು. ಒಳಗಿದ್ದು ಅದನ್ನು ತೇಲಿಸಿದವರ ಲೆಕ್ಕ ಕೊನೆಗೆ ಉಳಿಯಿತು.

ಆದ್ದರಿಂದ ನಿವೃತ್ತ ನೌಕರನೊಬ್ಬನ ಸೂಚನೆ ಇಷ್ಟೇ. ಸಾರ್ವಜನಿಕ ಆಸ್ತಿಯೊಂದು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ, ಅದು ಕಾರ್ಖಾನೆಯಾಗಲಿ, ಕೆರೆಯಾಗಲಿ, ಬಸ್ ನಿಲ್ದಾಣವಾಗಲಿ, ವರ್ಗಾವಣೆಯ ಪತ್ರದಲ್ಲಿ ಬೆಲೆಯ ಜೊತೆಗೆ ಎರಡು ವಿಷಯಗಳು ಬರೆದಿರಬೇಕು. ಮುಂದಿನ ಇಪ್ಪತ್ತು ವರ್ಷ ಅದರ ದುರಸ್ತಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದು ಒಂದು. ಅದರಲ್ಲಿ ದುಡಿಯುತ್ತಿರುವವರು ಯಾರು, ಒಡೆಯ ದಿವಾಳಿಯಾದರೆ ಅವರಿಗೆ ಮೊದಲು ಸಲ್ಲಬೇಕಾದದ್ದು ಏನು ಎಂಬುದು ಇನ್ನೊಂದು. ಈ ಎರಡನ್ನು ಬರೆಯದ ಒಡೆತನ, ಸರ್ಕಾರದ್ದಾಗಿರಲಿ ಖಾಸಗಿಯದಾಗಿರಲಿ, ಬರಿಯ ತೂಕದ ವ್ಯಾಪಾರಕ್ಕೆ ಬಂದು ನಿಲ್ಲುತ್ತದೆ. ಶಿಕಾರಿಪುರದ ಹುಚ್ಚರಾಯನ ಕೆರೆಯ ಏರಿಯ ಮೇಲೆ ಸಂಜೆ ನಡೆಯುವಾಗಲೂ ನನಗೆ ಇದೇ ತೋರುತ್ತದೆ. ಆ ಕೆರೆ ಎಷ್ಟೋ ಆಳರಸರನ್ನೂ ಸರ್ಕಾರಗಳನ್ನೂ ಕಂಡಿದೆ. ಅದು ಉಳಿದದ್ದು ಹೂಳೆತ್ತಿದವರಿಂದ, ತೂಬು ಕಾಯ್ದವರಿಂದ.

ಕಳೆದ ಬೇಸಗೆಯಲ್ಲಿ ಮತ್ತೆ ತಾಳಗುಂದಕ್ಕೆ ಹೋಗಿದ್ದೆ. ಪ್ರಣವೇಶ್ವರ ದೇವಾಲಯದ ಆವರಣದಲ್ಲಿ 2013ರ ಸುಮಾರಿಗೆ ನಡೆದ ಉತ್ಖನನದಲ್ಲಿ ಸಿಂಹದ ಕಟಾಂಜನದ ಮೇಲೆ ಕೆತ್ತಿದ ಪುಟ್ಟ ಶಾಸನವೊಂದು ಸಿಕ್ಕಿತು. ಕನ್ನಡದ ಅತಿ ಹಳೆಯ ಶಾಸನ ಇದೇ ಇರಬಹುದು ಎಂದು ಪುರಾತತ್ವಜ್ಞರು ಅದರ ಕಾಲವನ್ನು ಕ್ರಿ.ಶ. 370ರ ಆಸುಪಾಸಿಗೆ ಒಯ್ದಿದ್ದಾರೆ. ಅಂಬಿಗನೊಬ್ಬನಿಗೆ ಭೂಮಿ ಕೊಟ್ಟ ವಿಷಯ ಅದರಲ್ಲಿದೆ ಎಂಬುದು ಅದನ್ನು ಓದಿದವರ ಅಭಿಪ್ರಾಯ. ಅಲ್ಲಿ ನಿಂತಾಗ ಮಳೆಗಾಲದಲ್ಲಿ ವರದಾ ನದಿ ದಾಟಿಸುತ್ತಿದ್ದ ದೋಣಿಯವನು ಕಣ್ಣಮುಂದೆ ಬಂದ. ಸುಗ್ಗಿಯಲ್ಲಿ ಮಾವ ಅವನಿಗೆ ಭತ್ತ ಅಳೆದು ಕೊಡುತ್ತಿದ್ದರು. ಅದಕ್ಕೂ ಯಾವ ಚೀಟಿಯೂ ಇರಲಿಲ್ಲ, ಅವನ ಹೆಸರು ಯಾವ ದಾಖಲೆಯಲ್ಲೂ ಇದ್ದಂತಿಲ್ಲ. ಆದರೆ ಸಾವಿರದ ಆರುನೂರು ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಯಾರೋ ಒಬ್ಬ ಕರಣಿಕ, ಹುಟ್ಟು ಹಾಕಿದವನ ಹೆಸರನ್ನು ಕಲ್ಲಿನಲ್ಲಿ ಬರೆಯಬೇಕೆಂದು ತಿಳಿದಿದ್ದ.